ರಾಜಮಲೆಯ ಮಂದೆಗೆ ಸೂಜಿ ಚುಚ್ಚುವವರಿಲ್ಲ

ಕೊಣನೂರಿನ ಸುತ್ತಮುತ್ತ ಮೂವತ್ತು ವರ್ಷ ಕುರಿಗಳಿಗೆ ಜಂತಿನ ಔಷಧಿ ಕುಡಿಸಿ, ಲಸಿಕೆ ಹಾಕಿದವನು ನಾನು. ಯಾವ ಕುರಿ ಕಂಡರೂ ರೆಪ್ಪೆ ಬಿಡಿಸಿ ಕಣ್ಣು ಕೆಂಪಗಿದೆಯೋ ಬಿಳಿಚಿದೆಯೋ ನೋಡುವ ಚಟ ನಿವೃತ್ತನಾದರೂ ಹೋಗಿಲ್ಲ. ಅಂಥವನು ಮುನ್ನಾರಿಗೆ ಹೋಗಿದ್ದು ಮುಟ್ಟಬಾರದ ಕುರಿಯೊಂದನ್ನು ನೋಡಲು.

ನಮ್ಮ ಕಡೆ ಕಾಡುಕುರಿ ಎಂದರೆ ಬೊಗಳುವ ಜಿಂಕೆ. ಕೊಂಡುಕುರಿ ಎಂದರೆ ನಾಲ್ಕು ಕೊಂಬಿನ ಹುಲ್ಲೆ. ಜಗಳೂರಿನ ರಂಗಯ್ಯನದುರ್ಗದಲ್ಲಿ ಅದಕ್ಕೊಂದು ವನ್ಯಧಾಮವೇ ಇದೆ. ಎರಡೂ ಕುರಿಯಲ್ಲ. ಕುರಿಗೆ ನಿಜವಾಗಿ ಹತ್ತಿರದ್ದು ಕೇರಳ, ತಮಿಳುನಾಡಿನ ಬೆಟ್ಟಗಳಲ್ಲಿ ಮಾತ್ರ ಉಳಿದಿರುವ ನೀಲಗಿರಿ ಥಾರ್. ತಮಿಳರಿಗೆ ಅದು ವರೈಯಾಡು, ಕಡಿಬಂಡೆಯ ಆಡು. 2005ರಲ್ಲಿ ವಂಶವಾಹಿ ಪರೀಕ್ಷಿಸಿದವರು ಅದನ್ನು ಹಿಮಾಲಯದ ಥಾರ್ ಜೊತೆಯಿಂದ ಬಿಡಿಸಿ ಕುರಿಯ ಪಕ್ಕಕ್ಕೆ ತಂದರು. ಹೋತದ ಗಡ್ಡವೂ ಇದಕ್ಕಿಲ್ಲ.

ಮೊದಲ ಸಲ ಹೋದದ್ದು ಫೆಬ್ರವರಿಯಲ್ಲಿ. ಇರವಿಕುಳಂ ಉದ್ಯಾನದ ಗೇಟಿಗೆ ಬೀಗ. ಮರಿ ಹಾಕುವ ಕಾಲವೆಂದು ಪ್ರವಾಸಿಗರನ್ನು ಬಿಡುವುದಿಲ್ಲ. ಸಿಟ್ಟು ಬಂತು, ನಿಜ. ಆದರೆ ಈದ ಕುರಿಯ ಸುತ್ತ ಜನ ಮುತ್ತಿದರೆ ತಾಯಿ ಮರಿಯನ್ನು ನೆಕ್ಕದೆ ಓಡುವುದನ್ನು ನಾನೇ ಎಷ್ಟು ಸಲ ಕಂಡಿಲ್ಲ! ಚಹಾ ತೋಟ ನೋಡಿಕೊಂಡು ವಾಪಸಾದೆ.

ಅಕ್ಟೋಬರಿನಲ್ಲಿ ಮತ್ತೆ ಹೋದಾಗ ಉದ್ಯಾನದೊಳಗಿನ ರಾಜಮಲೆಯ ರಸ್ತೆ ಬದಿಯಲ್ಲೇ ಬೆನ್ನ ಮೇಲೆ ಬೆಳ್ಳಿ ಬಣ್ಣ ಬಳಿದಂಥ ಟಗರು ನಿಂತಿತ್ತು. ಕಣ್ಣು ತಾನಾಗಿ ಅದರ ಮೂಗಿಗೆ ಹೋಯಿತು: ಸಿಂಬಳವಿಲ್ಲ. ಬಾಲದ ಕೆಳಗೂ ಭೇದಿಯ ಗುರುತಿಲ್ಲ.

ಇಲ್ಲಿ ಆರೈಕೆಯೆಲ್ಲ ಹುಲ್ಲಿಗೆ. ಬಲಿತ ಹುಲ್ಲು ಬಾಯಿಗೆ ಒರಟು; ಅದಕ್ಕೇ ಚಳಿಗಾಲದಲ್ಲಿ ಸಣ್ಣ ಸಣ್ಣ ತುಂಡುಗಳನ್ನು ಸರದಿಯಂತೆ ಸುಟ್ಟು ಚಿಗುರು ಬರಿಸುವ ಪದ್ಧತಿ ಬೆಳೆಯಿತು, ಮುದುವ ಬುಡಕಟ್ಟಿನವರ ಕೈಯಲ್ಲಿ. ಗುಡ್ಡಕ್ಕೆ ಬೆಂಕಿ ಇಡುತ್ತಾರೆಂದು ನಮ್ಮ ಕುರಿಗಾಹಿಗಳನ್ನು ನಾನು ಬೈದದ್ದುಂಟು. ಬೈದದ್ದು ಪೂರಾ ತಪ್ಪೇನಲ್ಲ: ಅವರದು ಗುಡ್ಡಕ್ಕೆ ಗುಡ್ಡವೇ ಉರಿಯುವ ಬೇಸಿಗೆಯ ಬೆಂಕಿ. ಇನ್ನೊಂದು ಕೆಲಸ, ಹುಲ್ಲುಗಾವಲು ನುಂಗುವ ವ್ಯಾಟಲ್ ಮರಗಳನ್ನು ಕೀಳುವುದು. ಆಸ್ಟ್ರೇಲಿಯಾದಿಂದ ತಂದು ನೆಟ್ಟ ಮರ ಅದು. ತಮಿಳುನಾಡು 2022ರಲ್ಲಿ 25 ಕೋಟಿ ರೂಪಾಯಿಯ ಥಾರ್ ಯೋಜನೆ ಘೋಷಿಸಿತು. 2025ರ ಏಪ್ರಿಲ್‌ನಲ್ಲಿ ಎರಡೂ ರಾಜ್ಯ ಒಟ್ಟಿಗೆ ಎಣಿಸಿದಾಗ ಸಿಕ್ಕಿದ್ದು 2,668.

ನನ್ನ ಕಸುಬಿನವನಿಗೆ ಭಯ ರೋಗದ್ದು. ಅಮೆರಿಕದ ರಾಕಿ ಪರ್ವತಗಳ ಬಿಗ್‌ಹಾರ್ನ್ ಕುರಿಗೆ ಸಾಕುಕುರಿಯಿಂದ ನ್ಯುಮೋನಿಯಾ ಅಂಟಿ ಮಂದೆಗಳೇ ಖಾಲಿಯಾಗಿವೆ. ಬದುಕಿದ ತಾಯಂದಿರ ಮರಿಗಳು ಮುಂದೆ ವರ್ಷಗಟ್ಟಲೆ ಸಾಯುತ್ತವೆ. ಥಾರನ್ನು ಬೆಟ್ಟದಲ್ಲಿ ಹಿಡಿದು ಚುಚ್ಚುವುದು ಆಗದ ಮಾತು. ಸಾಕುಮಂದೆಯನ್ನು ದೂರ ಇಡುವುದೇ ಲಸಿಕೆ.

ಊರಿಗೆ ಬಂದಾಗ ಹೊಗೆಸೊಪ್ಪು ಮುಗಿದ ಹೊಲವೊಂದರಲ್ಲಿ ಗೊಬ್ಬರಕ್ಕೆ ಕುರಿ ತರುಬಿದ್ದರು. ಕುರಿಯವನಿಗೆ ಮೊಬೈಲಿನಲ್ಲಿ ಥಾರ್ ಫೋಟೋ ತೋರಿಸಿದೆ.

"ಎಷ್ಟು ತೂಗ್ತದೆ ಡಾಕ್ಟ್ರೇ?"

"ನೂರು ಕೆ.ಜಿ. ಹತ್ರ."

"ಸೂಜಿ ಯಾರು ಹಾಕ್ತಾರೆ ಇದುಕ್ಕೆ?"

ಯಾರೂ ಇಲ್ಲ ಎಂದೆ. ಕುರಿಯವನು ನನ್ನ ಹಳೇ ಔಷಧಿ ಚೀಲ ನೋಡಿ ನಕ್ಕ.