ಹಿನ್ನೆಲೆ ಸಂಗೀತ ದೃಶ್ಯಕ್ಕಿಂತ ಮೊದಲೇ ಮುಗಿಯುವುದೇಕೆ?

ಬಾಗಿಲು ಬಡಿದುಕೊಳ್ಳುವ ಮೊದಲೇ ‘ಧಡ್’ ಎಂಬ ಸಂಗೀತ ಬಂದರೆ ಸಂಗೀತ ನಿರ್ದೇಶಕರ ತಾಳ ತಪ್ಪಿದೆ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ತಪ್ಪಿರುವುದು ಫ್ರೇಮ್ ಲೆಕ್ಕ.

ಥಿಯೇಟರಿನಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಭಾರತದ ಹಳೆಯ ಪಾಲ್ ಟಿವಿ ಪದ್ಧತಿಯಲ್ಲಿ 25. ಆ 24ರ ಚಿತ್ರವನ್ನು 25ರ ವೇಗದಲ್ಲಿ ಓಡಿಸಿದರೆ 60 ಸೆಕೆಂಡಿನ ದೃಶ್ಯ 57.6 ಸೆಕೆಂಡಿಗೇ ಮುಗಿಯುತ್ತದೆ. ಅಂಥ ಪ್ರತಿ ನೋಡಿ ಸಂಗೀತ ಕೂರಿಸಿದರೆ ಥಿಯೇಟರಿನಲ್ಲಿ ಕೊನೆಯ ಪೆಟ್ಟು 2.4 ಸೆಕೆಂಡ್ ಮೊದಲೇ ಬೀಳುತ್ತದೆ. ಸಂಗೀತವನ್ನೇ ನಿಧಾನ ಮಾಡೋಣವೆಂದರೆ ಶ್ರುತಿಯೂ ಇಳಿಯುತ್ತದೆ. ಶ್ರುತಿ ಕಾಯ್ದುಕೊಂಡು ಹಿಗ್ಗಿಸುವ ಸಾಫ್ಟ್‌ವೇರ್‌ಗಳಿವೆ, ನಿಜ. ತಬಲಾದ ಪೆಟ್ಟು ಮಾತ್ರ ಮಸುಕಾಗಬಹುದು.

‘24 ಅಂದರೂ ಒಂದೇ, 23.976 ಅಂದರೂ ಒಂದೇ’ ಎನ್ನುವವರಿದ್ದಾರೆ. ಒಂದರ ಬದಲು ಇನ್ನೊಂದರ ವೇಗದಲ್ಲಿ ಓಡಿಸಿದರೆ ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ!

ಹಾಗೆಂದು ಫ್ರೇಮ್ ರೇಟ್ ಬದಲಾದಾಗಲೆಲ್ಲ ಸಂಗೀತ ಜಾರುತ್ತದೆ ಎಂಬುದೂ ಸುಳ್ಳು. ವೇಗ ಹೆಚ್ಚಿಸದೆ, ಸೆಕೆಂಡಿಗೊಂದು ಫ್ರೇಮ್ ಹೆಚ್ಚುವರಿಯಾಗಿ ಸೇರಿಸಿ 25 ಮಾಡಿದ್ದರೆ ಅವಧಿ ಬದಲಾಗದು. ಆದ್ದರಿಂದ ಫೈಲಿನ ಸಂಖ್ಯೆಗಿಂತ ದೃಶ್ಯದ ಅವಧಿ ಮುಖ್ಯ.

ಮೊಬೈಲಿನಲ್ಲಿ ಕಿರುಚಿತ್ರ ಮಾಡುವವರಿಗೆ ಇನ್ನೊಂದು ತೊಡಕು: ಹಲವು ಫೋನ್‌ಗಳಲ್ಲಿ ಫ್ರೇಮ್ ರೇಟ್ ಚಿತ್ರೀಕರಣದ ನಡುವೆಯೇ ಏರಿಳಿಯುತ್ತದೆ. ಎಡಿಟಿಂಗ್‌ಗೆ ಮೊದಲೇ ಅದನ್ನು ಸ್ಥಿರ ದರಕ್ಕೆ ಪರಿವರ್ತಿಸಿಕೊಳ್ಳಿ. ಸಂಗೀತ ಮಾಡುವವರಿಗೆ ಕೊಡುವ ಪ್ರತಿಯ ಮೇಲೆ ಟೈಮ್‌ಕೋಡ್ ಕಾಣಿಸುವಂತಿರಲಿ. ಅಂತಿಮ ಚಿತ್ರದ ಫ್ರೇಮ್ ರೇಟ್ ಎಷ್ಟೆಂದು ಬರೆದೇ ಕೊಡಿ.