ಕೊಬ್ಬಿನ ಮಾತು, ಮಿದುಳಿನ ಕಿವಿ

ನಿರ್ನಾಳ ಗ್ರಂಥಿಗಳನ್ನು ಹೆಸರಿಸಿ ಎಂದರೆ ಮಕ್ಕಳು ಪಿಟ್ಯುಟರಿ, ಥೈರಾಯ್ಡ್, ಅಡ್ರಿನಲ್ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಕೊಬ್ಬಿನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಮಿಕ್ಕ ಆಹಾರವನ್ನು ತುಂಬಿಡುವ ಕಣಜ ಅದು ಎಂದೇ ವಿಜ್ಞಾನಿಗಳೂ ಬಹುಕಾಲ ತಿಳಿದಿದ್ದರು.

ಎಷ್ಟು ತಿಂದರೂ ಹಸಿವು ತೀರದೆ ಊದಿಕೊಳ್ಳುತ್ತಿದ್ದ ಒಂದು ತಳಿಯ ಇಲಿಗಳು ಈ ತಿಳಿವಳಿಕೆಯನ್ನು ಬದಲಿಸಿದವು. ಅವುಗಳಲ್ಲಿ ಕೆಟ್ಟಿದ್ದ ಜೀನನ್ನು 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಪತ್ತೆ ಮಾಡಿದರು. ಕೊಬ್ಬಿನ ಕೋಶಗಳು ಆ ಜೀನಿನ ಆಜ್ಞೆಯಂತೆ ಒಂದು ಹಾರ್ಮೋನನ್ನು ತಯಾರಿಸುತ್ತವೆ. ‘ತೆಳ್ಳಗೆ’ ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಲೆಪ್ಟಿನ್ ಎಂಬ ಹೆಸರು ಬಂತು. ರಕ್ತದಲ್ಲಿ ಹರಿದು ಮಿದುಳಿನ ಹೈಪೊಥಲಾಮಸ್ ತಲುಪಿ, ‘ದಾಸ್ತಾನು ಸಾಕಷ್ಟಿದೆ, ಊಟ ಸಾಕು’ ಎಂದು ತಿಳಿಸುವುದು ಅದರ ಕೆಲಸ.

ಸೋಜಿಗವೆಂದರೆ, ಹೊಸ ನೆನಪುಗಳನ್ನು ರೂಪಿಸುವ ಹಿಪ್ಪೊಕ್ಯಾಂಪಸ್ ಭಾಗದಲ್ಲಿಯೂ ಲೆಪ್ಟಿನ್ ಗ್ರಾಹಕಗಳಿವೆ. ಈ ಗ್ರಾಹಕ ಕೆಟ್ಟಿರುವ ಇಲಿಗಳನ್ನು ನೀರಿನ ತೊಟ್ಟಿಗೆ ಬಿಟ್ಟರೆ, ಅಲ್ಲಿ ಮುಳುಗಿರುವ ಪುಟ್ಟ ಕಟ್ಟೆಯ ಜಾಗವನ್ನು ಕಲಿಯಲು ಹೆಣಗುತ್ತವೆ.

ಮನುಷ್ಯರ ವಿಷಯವೇನು? ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಯನದಲ್ಲಿ ಮರೆವಿನ ಕಾಯಿಲೆಯಿಲ್ಲದ 785 ವೃದ್ಧರನ್ನು ಹಲವು ವರ್ಷ ಗಮನಿಸಲಾಯಿತು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಲೆಪ್ಟಿನ್ ಹೆಚ್ಚಿದ್ದವರಲ್ಲಿ ಅಲ್ಜೈಮರ್ ಕಾಯಿಲೆ ಕಡಿಮೆ ಕಂಡುಬಂತು. ಆದರೆ ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ವಿದ್ಯಾರ್ಥಿಗಳು ಇದನ್ನು ಮರೆಯಬಾರದು.

ಹಾಗಾದರೆ ಕೊಬ್ಬು ಹೆಚ್ಚಿದಷ್ಟೂ ನೆನಪು ಚುರುಕೇ? ಖಂಡಿತ ಅಲ್ಲ. ದಿನವಿಡೀ ರೇಡಿಯೊ ಗಟ್ಟಿಯಾಗಿ ಹಾಡುತ್ತಿದ್ದರೆ ಮನೆಯವರ ಕಿವಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸ್ಥೂಲಕಾಯದವರಲ್ಲಿಯೂ ಹೀಗೆಯೇ: ರಕ್ತದಲ್ಲಿ ಲೆಪ್ಟಿನ್ ಧಾರಾಳವಾಗಿದ್ದರೂ ಮಿದುಳು ಅದಕ್ಕೆ ಸರಿಯಾಗಿ ಸ್ಪಂದಿಸದು. ಇದನ್ನು ಲೆಪ್ಟಿನ್ ಪ್ರತಿರೋಧ ಎನ್ನುತ್ತಾರೆ. ಇದಲ್ಲದೆ ಹೊಟ್ಟೆಯೊಳಗಿನ ಕೊಬ್ಬು ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನೂ ರಕ್ತಕ್ಕೆ ಸೇರಿಸುತ್ತದೆ. 2024ರಲ್ಲಿ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದ, ಮರೆವಿನ ಕಾಯಿಲೆಯ ತಪ್ಪಿಸಬಹುದಾದ 14 ಅಪಾಯಗಳಲ್ಲಿ ನಡುವಯಸ್ಸಿನ ಬೊಜ್ಜೂ ಒಂದು.

ಮುಪ್ಪಿನಲ್ಲಿ ಮಾತ್ರ ಲೆಕ್ಕ ಬೇರೆ. ಆಗ ಕಾರಣವಿಲ್ಲದೆ ತೂಕ ಇಳಿಯುವುದು ಕೆಲವೊಮ್ಮೆ ಮರೆವಿನ ಕಾಯಿಲೆಯ ಮುನ್ಸೂಚನೆ. ಆದ್ದರಿಂದ ಅಪ್ಪ ಅಮ್ಮಂದಿರು ತಮ್ಮ ಸೊಂಟದ ಸುತ್ತಳತೆಯನ್ನು ಹತೋಟಿಯಲ್ಲಿಡಲಿ. ದಿನವೂ ಚುರುಕಾಗಿ ನಡೆಯಲಿ. ಅಜ್ಜ ಅಜ್ಜಿಯರ ಬಟ್ಟೆ ಸಡಿಲವಾಗುತ್ತಿದ್ದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಲಿ. ಅದನ್ನು ಮೊದಲು ಗಮನಿಸುವವರು ಮನೆಯ ಮಕ್ಕಳೇ ಆಗಿರಬಹುದು.