ರೆಕಾರ್ಡಿಗೆ ಪೂಸಿದ ಪರಿಮಳ

1989ರ ಮಾರ್ಚಿನಲ್ಲಿ ಮಡೋನಾಳ ‘ಲೈಕ್ ಎ ಪ್ರೇಯರ್’ ಆಲ್ಬಂ ಕೊಂಡು ತಂದು ಬಿಚ್ಚಿದವರಿಗೆ ಹಾಡಿಗಿಂತ ಮೊದಲು ಎದುರಾದದ್ದು ವಾಸನೆ. ಅದರ ಮೊದಲ ಪ್ರತಿಗಳಿಗೆ ಪಚೋಲಿ ಎಣ್ಣೆಯ ಗಂಧ ಹಾಕಿದ್ದರು. ಚರ್ಚಿನ ಧೂಪ ನೆನಪಾಗಲಿ ಎಂದು ಈ ಏರ್ಪಾಡು.

ಪಚೋಲಿ ತುಳಸಿಯ ಕುಟುಂಬಕ್ಕೆ ಸೇರಿದ ಗಿಡ. ಒಣಗಿಸಿದ ಎಲೆಗೆ ಹಬೆ ಹಾಯಿಸಿ ಎಣ್ಣೆ ತೆಗೆಯುತ್ತಾರೆ. ಒದ್ದೆ ಮಣ್ಣು, ಅಜ್ಜಿಯ ಮರದ ಪೆಟ್ಟಿಗೆ, ಸ್ವಲ್ಪ ಕರ್ಪೂರ ಎಲ್ಲ ಕಲೆತಂಥ ವಾಸನೆ. ನಿಂಬೆ, ಕಿತ್ತಳೆಯ ಪರಿಮಳ ಬೇಗ ಹಾರಿಹೋಗುತ್ತದೆ. ಪಚೋಲಿಯ ಅಣುಗಳು ಭಾರ, ಕಾಗದಕ್ಕೋ ಬಟ್ಟೆಗೋ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. 19ನೇ ಶತಮಾನದಲ್ಲಿ ಯುರೋಪಿಗೆ ಹೋಗುತ್ತಿದ್ದ ಕಾಶ್ಮೀರಿ ಶಾಲುಗಳ ಮಡಿಕೆಯಲ್ಲಿ ಹುಳ ಹಿಡಿಯದಂತೆ ಇದೇ ಎಲೆ ಇಡುತ್ತಿದ್ದರು. ಶಾಲು ಅಸಲಿಯೋ ಅಲ್ಲವೋ ಎಂದು ಅಲ್ಲಿನ ಗಿರಾಕಿಗಳು ಮೂಸಿಯೇ ತೀರ್ಮಾನಿಸುತ್ತಿದ್ದರಂತೆ.

ಚರ್ಚಿನಲ್ಲಿ ಉರಿಯುವುದು ಮರದ ಅಂಟು, ಪಚೋಲಿ ಅಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ತೆಗೆಯಲಿ. ಕ್ಯಾಥೊಲಿಕ್ ಮನೆಯಲ್ಲಿ ಬೆಳೆದ ಮಡೋನಾಳ ತಾಯಿ 1963ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಮಗಳಿಗೆ ಐದು ವರ್ಷ. ಆಲ್ಬಂ ಅರ್ಪಿತವಾದದ್ದು ಆ ತಾಯಿಗೆ. ಪ್ರಾರ್ಥನೆ, ತಾಯಿ, ಧೂಪ ಮೂರೂ ಒಂದೇ ಗಂಟಿನಲ್ಲಿದ್ದವು. ಮಾರಲು ಆಕೆಯ ಹೆಸರಿನ ಸೆಂಟಿನ ಬಾಟಲಿ ಇನ್ನೂ ಹುಟ್ಟಿರಲಿಲ್ಲ.

ಬಾಟಲಿಗಳ ಸುಗ್ಗಿ ಬಂದದ್ದು ಆಮೇಲೆ. 2002ರಲ್ಲಿ ಜೆನಿಫರ್ ಲೋಪೆಜಳ ‘ಗ್ಲೋ’, 2004ರಲ್ಲಿ ಬ್ರಿಟ್ನಿ ಸ್ಪಿಯರ್ಸಳ ‘ಕ್ಯೂರಿಯಸ್’. ಗಾಯಕಿಯ ಮುಖ, ಕಂಪನಿಯ ಸರಕು. ಇವನ್ನು ಕಲೆ ಎನ್ನಲು ನನಗಂತೂ ನಾಲಿಗೆ ಏಳುವುದಿಲ್ಲ. 2012ರ ಲೇಡಿ ಗಾಗಾಳ ‘ಫೇಮ್’ ಮಾತ್ರ ಸ್ವಲ್ಪ ಬೇರೆ: ಬಾಟಲಿಯಲ್ಲಿ ಮಸಿಯಂತೆ ಕಪ್ಪಗಿದ್ದ ದ್ರವ, ಸಿಂಪಡಿಸಿದೊಡನೆ ಬಣ್ಣವೇ ಇಲ್ಲದ ಹನಿ. ಆಕೆಯ ವೇದಿಕೆಯ ಚಮತ್ಕಾರಗಳ ಜಾತಿಯದೇ.

ಅದೇ ವರ್ಷ ಮಡೋನಾಳ ‘ಟ್ರೂತ್ ಆರ್ ಡೇರ್’ ಬಂತು. ಬೆರೆಸಿದವರು ಸ್ಟೀಫನ್ ನಿಲ್ಸನ್ ಎಂಬ ಸುಗಂಧಕಾರ. ಇದು ಹಿನ್ನೆಲೆ ಗಾಯನದಂಥ ಕಸುಬು. ರಾಜಕುಮಾರ್ ತುಟಿ ಆಡಿಸಿದಲ್ಲಿ ಪಿ.ಬಿ. ಶ್ರೀನಿವಾಸ್ ಕಂಠ ಕೇಳುತ್ತಿತ್ತಲ್ಲ, ಹಾಗೆ. ಒಂದೇ ವ್ಯತ್ಯಾಸ: ಶ್ರೀನಿವಾಸ್ ಹೆಸರು ಊರಿಗೆಲ್ಲ ಗೊತ್ತಿತ್ತು, ಸುಗಂಧಕಾರನ ಹೆಸರನ್ನು ಬಾಟಲಿಯ ಮೇಲೆ ಸಾಮಾನ್ಯವಾಗಿ ಅಚ್ಚು ಹಾಕುವುದಿಲ್ಲ.

ತಾಯಿಯ ಬಗ್ಗೆ ತನಗಿರುವ ಅತಿ ಹಳೆಯ ನೆನಪು ಆಕೆಯ ಮೈಯ ಪರಿಮಳ, ಅದು ಗಾರ್ಡೇನಿಯಾ ಮತ್ತು ಸುಗಂಧರಾಜದ್ದು ಎಂದು ಮಡೋನಾ ಹೇಳಿಕೊಂಡಿದ್ದಳು. ನಿಲ್ಸನ್ ಕಟ್ಟಿದ್ದೂ ಅವೆರಡರ ಸುತ್ತಲೇ. ಸುಗಂಧರಾಜ ನಮಗೆ ಮದುವೆ ಹಾರದ ಹೂ. ಪಶ್ಚಿಮದವರಿಗೆ ಮಾತ್ರ ಅದು ತುಸು ಮೈಮರೆಸುವ, ಮಾದಕವಾದ ವಾಸನೆ. ಹೂವನ್ನು ದ್ರಾವಕದಲ್ಲಿ ನೆನೆಸಿ ಅದರ ಸಾರ ತೆಗೆಯಬಹುದು. ಗಾರ್ಡೇನಿಯಾದ ಕತೆ ಹಾಗಲ್ಲ. ಮಾರುಕಟ್ಟೆಗೆ ಸಾಲುವಷ್ಟು ಎಣ್ಣೆ ಆ ಹೂವಿನಿಂದ ಸಿಗುವುದಿಲ್ಲ. ಹಾಗಾಗಿ ಸುಗಂಧಕಾರರು ಬೇರೆ ಬೇರೆ ರಾಸಾಯನಿಕಗಳನ್ನು ಹನಿ ಹನಿಯಾಗಿ ಕೂಡಿಸಿ, ಮೂಸಿ, ತಿದ್ದಿ, ಆ ಹೂವನ್ನು ಹೊಸದಾಗಿ ಹುಟ್ಟಿಸಬೇಕು. ಐದು ವರ್ಷದ ಹುಡುಗಿಯ ಮೂಗಿನಲ್ಲಿ ಉಳಿದದ್ದನ್ನು, ಆ ತಾಯಿಯನ್ನು ಕಂಡೇ ಇಲ್ಲದವನೊಬ್ಬ ಹೀಗೆ ಕೂಡಿಸಿದ.

ಸೆಂಟು ಅಂಗಡಿಗೆ ಬಂದ ಒಂದೆರಡು ತಿಂಗಳಿಗೆ, 2012ರ ಮೇ ಕೊನೆಯಲ್ಲಿ, ಆಕೆಯ ‘ಎಂಡಿಎನ್‌ಎ’ ಪ್ರವಾಸ ಟೆಲ್ ಅವೀವ್‌ನಲ್ಲಿ ಶುರುವಾಯಿತು. ಆ ಪ್ರದರ್ಶನಗಳ ಮೊದಲ ದೃಶ್ಯದಲ್ಲಿ, ವೇದಿಕೆಯ ನೆತ್ತಿಯಿಂದ ಇಳಿಬಿಟ್ಟ ದೈತ್ಯ ಧೂಪದ ಪಾತ್ರೆಯೊಂದು ಹೊಗೆ ಕಾರುತ್ತ ಅತ್ತಿಂದಿತ್ತ ತೂಗುತ್ತಿತ್ತು.